ಮನೋರೋಗಿಯ ಸಕ್ಕರೆ ಪರೀಕ್ಷೆ ಯಾರ ಹೊಣೆ?

ಮೂಡಿಗೆರೆಯ ಬೆಳೆಗಾರ: ನನ್ನ ತಮ್ಮನಿಗೆ 26 ವರ್ಷ. ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ನಾಲ್ಕು ವರ್ಷಗಳಿಂದ ಒಲಾಂಜಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ನಿಂತು, ಕಣದಲ್ಲಿ ನಮ್ಮೊಡನೆ ಕಾಫಿ ಹಣ್ಣು ಹರಡುವಷ್ಟು ಚೇತರಿಸಿಕೊಂಡಿದ್ದಾನೆ. ಆದರೆ ತೂಕ 58 ಕಿಲೋದಿಂದ 79ಕ್ಕೆ ಏರಿದೆ. ರಾತ್ರಿ ಮೂರು ನಾಲ್ಕು ಸಲ ಎದ್ದು ಚೊಂಬುಗಟ್ಟಲೆ ನೀರು ಕುಡಿಯುತ್ತಾನೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರೆ ಚೀಟಿಯಲ್ಲಿದ್ದ ಮಾತ್ರೆಯ ಹೆಸರು ನೋಡಿದವರೇ ಮನೋವೈದ್ಯರಿಗೆ ತೋರಿಸಿ ಎಂದರು. ಮನೋವೈದ್ಯರ ಬಳಿ ಒಮ್ಮೆಯೂ ತೂಕ ನೋಡಿದ್ದಿಲ್ಲ. ಕೊನೆಗೆ ನಾವೇ ಲ್ಯಾಬಿಗೆ ಹೋದಾಗ ಖಾಲಿ ಹೊಟ್ಟೆಯ ಸಕ್ಕರೆ 168 ಬಂತು. ಮಾತ್ರೆಯನ್ನೇ ನಿಲ್ಲಿಸೋಣ ಎಂದು ಅಮ್ಮ ಹಟ ಹಿಡಿದಿದ್ದಾರೆ.

ಅರಸೀಕೆರೆ ಕಡೆಯ ವೈದ್ಯಾಧಿಕಾರಿ: ನಿಮ್ಮ ನೋವು ಅರ್ಥವಾಗುತ್ತದೆ, ಆದರೂ ನಮ್ಮ ಅಂಜಿಕೆಯನ್ನೂ ಕೇಳಬೇಕು. ಆ ಮಾತ್ರೆಗಳ ಪ್ರಮಾಣವನ್ನು ನಾವು ಮುಟ್ಟಿ ಕಾಯಿಲೆ ಮರುಕಳಿಸಿದರೆ ಹೊಣೆ ಯಾರದು? ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರಲ್ಲ, ಈ ಪರೀಕ್ಷೆಗಳೂ ಅಲ್ಲಿಯೇ ಆಗುವುದು ಸೂಕ್ತ.

ಹಾಸನದ ಮನೋವೈದ್ಯೆ: ಪ್ರಮಾಣ ಬದಲಿಸಿ ಎಂದು ನಿಮ್ಮನ್ನು ಯಾರೂ ಕೇಳುತ್ತಿಲ್ಲ, ಡಾಕ್ಟರೇ. ಸ್ಕಿಜೋಫ್ರೇನಿಯಾ ಇರುವವರು ಉಳಿದವರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಮೊದಲೇ ತೀರಿಕೊಳ್ಳುತ್ತಾರೆ, ಅದರಲ್ಲಿ ಹೆಚ್ಚಿನ ಪಾಲು ಹೃದ್ರೋಗದಂಥ ದೈಹಿಕ ಕಾಯಿಲೆಗಳದು. ಒಲಾಂಜಪಿನ್ ತೂಕವನ್ನೂ ಸಕ್ಕರೆಯನ್ನೂ ಏರಿಸಬಲ್ಲದು. ಹಾಗಾಗಿ ಅದನ್ನು ಆರಂಭಿಸುವ ಮುನ್ನ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಕೊಬ್ಬು ನೋಡಬೇಕು. ಮಂಗಳವಾರದ ಸರತಿಯಲ್ಲಿ ನಾವು ಇದನ್ನು ಬಿಟ್ಟುಬಿಡುತ್ತಿರುವುದು ತಪ್ಪೇ. ಬೆಳೆಗಾರರೇ, ಅಮ್ಮನವರಿಗೆ ದಯವಿಟ್ಟು ತಿಳಿಸಿ: ಮಾತ್ರೆಯನ್ನು ತಟ್ಟನೆ ನಿಲ್ಲಿಸಬಾರದು. ಸಕ್ಕರೆಗೆ ಚಿಕಿತ್ಸೆ ಕೊಡುತ್ತಲೇ, ತೂಕವನ್ನು ಅಷ್ಟು ಏರಿಸದ ಬೇರೆ ಔಷಧಿಗೆ ನಿಧಾನವಾಗಿ ಬದಲಾಯಿಸಲು ಸಾಧ್ಯವೇ ಎಂದು ನೋಡಬಹುದು.

ಬೇಲೂರಿನ ಆಶಾ ಕಾರ್ಯಕರ್ತೆ: ಮನೆ ಮನೆಗೆ ಹೋಗಿ ಸಕ್ಕರೆ, ಬಿಪಿ ಪರೀಕ್ಷೆಗೆ ನಾವು ಪಟ್ಟಿ ಮಾಡುವುದು 30 ವರ್ಷ ದಾಟಿದವರನ್ನು. ಈ ಹುಡುಗನ ವಯಸ್ಸಿನವರು ಪಟ್ಟಿಗೇ ಬರುವುದಿಲ್ಲ. ನನ್ನ ವ್ಯಾಪ್ತಿಯ ಒಬ್ಬ ಹೆಣ್ಣುಮಗಳು ಆಸ್ಪತ್ರೆಯ ಬಾಗಿಲವರೆಗೆ ಬಂದು, ಜನ ತನ್ನನ್ನೇ ನೋಡುತ್ತಿದ್ದಾರೆಂದು ಹಿಂದಿರುಗುತ್ತಿದ್ದರು. ನಮ್ಮ ಸಿಸ್ಟರ್ ಆಕೆಯ ಮನೆಗೇ ಹೋಗಿ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ ಬೆರಳಿನಿಂದ ಒಂದು ಹನಿ ರಕ್ತ ತೆಗೆದ ಮೇಲೆಯೇ ಮಧುಮೇಹ ಗೊತ್ತಾದದ್ದು. ಹೋಗಲು ಮನಸ್ಸು ಮಾಡಿದರೆ ಹತ್ತು ನಿಮಿಷದ ಕೆಲಸ.

ಅರಸೀಕೆರೆ ಕಡೆಯ ವೈದ್ಯಾಧಿಕಾರಿ: ವಯಸ್ಸಿನ ಮಾತು ನನಗೆ ಹೊಳೆದಿರಲಿಲ್ಲ. ಈ ಮಾತ್ರೆ ತೆಗೆದುಕೊಳ್ಳುವ ಎಲ್ಲರನ್ನೂ ವಯಸ್ಸು ನೋಡದೆ ಪಟ್ಟಿಗೆ ಸೇರಿಸಲು ನಾನು ಸಿದ್ಧ. ಆದರೆ ನನ್ನ ತಕರಾರು ಪೂರ್ತಿ ತೀರಿಲ್ಲ. ಬೀಡಿ ಸೇದುವವರು ಅದನ್ನು ಬಿಟ್ಟರೆ ರಕ್ತದಲ್ಲಿ ಒಲಾಂಜಪಿನ್, ಅದೇ ಬಗೆಯ ಇನ್ನೊಂದು ಮಾತ್ರೆಯಾದ ಕ್ಲೋಜಪಿನ್ ಮಟ್ಟ ಏರುತ್ತದೆ. ಬೀಡಿ ಬಿಡಿಸುವುದು ನಾವು, ಪ್ರಮಾಣ ತಗ್ಗಿಸಬೇಕಾದವರು ನೀವು. ನಡುವೆ ಒಂದು ಸಾಲಿನ ಪತ್ರವೂ ಓಡಾಡುವುದಿಲ್ಲ. ನೀವು ಬರೆಯದೆ ನಮಗೆ ತಿಳಿಯುವುದು ಹೇಗೆ?

ಹಾಸನದ ಮನೋವೈದ್ಯೆ: ಒಪ್ಪುತ್ತೇನೆ. ಯಾವ ಪರೀಕ್ಷೆ, ಯಾವ ತಿಂಗಳು ಎಂಬುದನ್ನು ಇನ್ನು ಚೀಟಿಯಲ್ಲೇ ಬರೆದು ಕಳುಹಿಸುತ್ತೇನೆ. ಫಲಿತಾಂಶವನ್ನು ಅದೇ ಚೀಟಿಯ ಹಿಂಬದಿಯಲ್ಲಿ ನೀವು ಬರೆಯಿರಿ.

ಮೂಡಿಗೆರೆಯ ಬೆಳೆಗಾರ: ಅಮ್ಮನಿಗೆ ಓದಿ ಹೇಳಿದೆ, ಇವತ್ತಿನ ಮಾತ್ರೆಯನ್ನು ಅವರೇ ಕೊಟ್ಟರು. ಬರುವ ಮಂಗಳವಾರ ತಮ್ಮನನ್ನು ಕರೆದೊಯ್ಯುತ್ತೇನೆ, ಲ್ಯಾಬಿನ ವರದಿಯನ್ನು ಚೀಟಿಗೆ ಪಿನ್ ಮಾಡಿಟ್ಟಿದ್ದೇನೆ.