ವಾಕ್ಯ ಓದಿ ಚಿತ್ರ ಬಿಡಿಸೋದು: ನಮ್ಮ ಕಡೆಯವರ ಅನುಭವ

ಯಾದಗಿರಿಯಿಂದ, ಕೇಳಿದವರು

ಎಲ್ಲರಿಗೂ ಕರ್ತನ ಹೆಸರಲ್ಲಿ ವಂದನೆ. ನಾನು ಸಂಡೇ ಸ್ಕೂಲ್‌ನಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಚಿತ್ರಕಲೆ ಡಿಪ್ಲೊಮಾ ಮುಗಿಸಿದ್ದೇನೆ. ಮಕ್ಕಳ ಕೋಣೆಗೆ ಆರು ಚಿತ್ರ ಮಾಡಿಕೊಡು, ಒಂದೊಂದರಲ್ಲೂ ಒಂದು ಬೈಬಲ್ ವಾಕ್ಯ ಇರಲಿ ಅಂತ ನಮ್ಮ ಸಭೆಯವರು ಹೇಳಿದ್ದಾರೆ. ಖುಷಿ ಆಯ್ತು, ಆದರೆ ಎರಡು ವಾರದಿಂದ ಒಂದು ಗೆರೆಯೂ ಮುಂದೆ ಹೋಗಿಲ್ಲ. ಯಾವ ವಾಕ್ಯ ಓದಿದರೂ ಕ್ಯಾಲೆಂಡರ್‌ನಲ್ಲಿ ನೋಡಿದ ಚಿತ್ರವೇ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಹಸಿರು ಗುಡ್ಡ, ಬಿಳಿ ಕುರಿ, ನೀಲಿ ಕಣ್ಣಿನ ಯೇಸು. ಅದನ್ನೇ ನಕಲು ಮಾಡಲು ಮನಸ್ಸಿಲ್ಲ. ನೀವು ಎಲ್ಲಿಂದ ಶುರು ಮಾಡುತ್ತೀರಿ? ಕನ್ನಡ ಅಕ್ಷರ ಹೇಗೆ ಬರೆಯುತ್ತೀರಿ? ಬಣ್ಣ ಯಾವುದು? ಮಾಡಿದವರು ದಯವಿಟ್ಟು ಹೇಳಿ.

ಕಲಬುರಗಿಯಿಂದ, ನಿವೃತ್ತ ಡ್ರಾಯಿಂಗ್ ಶಿಕ್ಷಕರು

ತಂಗಿ, ಒಳ್ಳೆ ಪ್ರಶ್ನೆ ಕೇಳಿದ್ದೀಯ. ಸ್ವಲ್ಪ ಉದ್ದ ಬರೆಯುತ್ತೇನೆ.

ನಾನೂ ಮೊದಲು ಕ್ಯಾಲೆಂಡರ್ ನೋಡಿಯೇ ಬಿಡಿಸುತ್ತಿದ್ದೆ. ದೇವರನ್ನು ಕುರುಬ ಅನ್ನುವ ಕೀರ್ತನೆ 23 ಅಂದರೆ ಅದೇ ಹಸಿರು ಗುಡ್ಡ. ಒಂದು ಬೇಸಿಗೆ ಸೇಡಂ ಕಡೆ ಸಂಬಂಧಿಕರ ಹೊಲಕ್ಕೆ ಹೋಗಿದ್ದೆ. ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ತರುಬಿದ್ದರು. ಸಂಜೆ ಕುರಿ ಕಾಯುವ ಅಜ್ಜ ಬಂದರು. ಹೆಗಲ ಮೇಲೆ ಕರಿ ಕಂಬಳಿ, ಅದರ ಮಡಿಕೆಯಲ್ಲಿ ಅವತ್ತೇ ಹುಟ್ಟಿದ ಮರಿ. ಮರಿಯ ಮೂಗು ಮಾತ್ರ ಹೊರಗೆ ಕಾಣುತ್ತಿತ್ತು. ಮರಿ ಎದೆಯ ಹತ್ತಿರ ಬೆಚ್ಚಗಿರಬೇಕು ಅಂತ ಅವರು ಒಂದು ಕೈಯಿಂದ ಕಂಬಳಿ ಒತ್ತಿ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಕೋಲು. ಯೆಹೋವನು ನನಗೆ ಕುರುಬನು ಅಂತ ಚಿಕ್ಕಂದಿನಿಂದ ಬಾಯಿಪಾಠ ಹೇಳಿದವನು ನಾನು. ಅವತ್ತು ಮೊದಲ ಸಲ ಆ ಮಾತು ಕಣ್ಣಿಗೆ ಕಂಡಿತು. ಚೀಲದಲ್ಲಿ ಹಾಳೆ ಇರಲಿಲ್ಲ, ಬಸ್ ಟಿಕೆಟ್ ಹಿಂದೆ ಆ ಕೈಯ ಗೆರೆ ಹಾಕಿಕೊಂಡೆ.

ಆಮೇಲೆ ಮನೆಗೆ ಬಂದು ಆ ಕೀರ್ತನೆ ಪೂರ್ತಿ ಓದಿದೆ. ಅದರಲ್ಲಿ ಕೋಲೂ ಇದೆ, ದೊಣ್ಣೆಯೂ ಇದೆ. ಕತ್ತಲ ಕಣಿವೆ ಇದೆ. ನಿಂತ ನೀರಿನಂಥ ಶಾಂತ ನೀರು ಇದೆ. ಕೊನೆಗೆ ಕುರಿಯ ಮಾತೇ ಬಿಟ್ಟು, ವೈರಿಗಳ ಎದುರಿಗೇ ಊಟ ಬಡಿಸುವ ಮಾತು ಬರುತ್ತದೆ. ಇಷ್ಟನ್ನೂ ಒಂದೇ ಹಾಳೆಗೆ ತುಂಬಿದರೆ ಏನೂ ಕಾಣುವುದಿಲ್ಲ. ಒಂದೇ ವಸ್ತು ಹಿಡಿ. ನಾನು ಕಂಬಳಿ ಹಿಡಿದೆ. ಹಾಳೆಯ ಮುಕ್ಕಾಲು ಪಾಲು ಕರಿ ಕಂಬಳಿಯೇ. ನಡುವೆ ಮರಿಯ ಮೂಗು ಮತ್ತು ಒಂದು ಕೈ. ಮುಖ ಬಿಡಿಸಲೇ ಇಲ್ಲ.

ಹಾಗಂತ ಎಲ್ಲವನ್ನೂ ನಮ್ಮೂರಿಗೆ ತಂದರೆ ತಪ್ಪಾಗುತ್ತದೆ. ನನಗೆ ಆಗಿದ್ದು ಹೇಳುತ್ತೇನೆ. ಬಿತ್ತುವವನ ಸಾಮ್ಯ, ಅಂದರೆ ಯೇಸು ಹೇಳಿದ ಹೋಲಿಕೆ ಕತೆ, ಮತ್ತಾಯ 13. ನಮ್ಮ ಎರೆ ಹೊಲ, ಎರಡು ಎತ್ತು, ಕೂರಿಗೆ ಹಾಕಿ ಬಹಳ ಪ್ರೀತಿಯಿಂದ ದೊಡ್ಡ ಚಿತ್ರ ಮಾಡಿದೆ. ನೋಡಲು ಬಂದ ಒಬ್ಬ ರೈತರು ಸ್ವಲ್ಪ ಹೊತ್ತು ನಿಂತು ಕೇಳಿದರು, "ಸರ್, ಕೂರಿಗೆಯಿಂದ ಬಿತ್ತಿದರೆ ಬೀಜ ದಾರಿಗೆ ಯಾಕೆ ಬೀಳತದ?" ನಿಜ ಅಲ್ವಾ? ಕೂರಿಗೆಯಲ್ಲಿ ಬೀಜ ಬಿದಿರಿನ ಕೊಳವೆಯಲ್ಲಿ ಇಳಿದು ಸಾಲಿನೊಳಗೇ ಬೀಳುತ್ತದೆ. ಯೇಸು ಹೇಳಿದ ಕತೆಯಲ್ಲಿ ಒಂದಷ್ಟು ದಾರಿಗೆ ಬಿತ್ತು, ಒಂದಷ್ಟು ಬಂಡೆ ನೆಲಕ್ಕೆ, ಒಂದಷ್ಟು ಮುಳ್ಳಿಗೆ. ಅಂದರೆ ಅವನು ಕೈಯಿಂದ ಚೆಲ್ಲಿ ಬಿತ್ತುತ್ತಿದ್ದ. ಆ ಕೈಬೀಸು ಹೋದರೆ ಕತೆಯೇ ಹೋಯಿತು. ಆ ಚಿತ್ರ ಪೂರ್ತಿ ಅಳಿಸಿ ಮತ್ತೆ ಮಾಡಿದೆ.

ನಿಮ್ಮ ಶಹಾಪುರ, ಸುರಪುರ ಕಡೆ ನಾರಾಯಣಪುರ ಕಾಲುವೆ ನೀರಿಗೆ ಭತ್ತ ಬೆಳೆಯುತ್ತಾರೆ. ಸಸಿಮಡಿಗೆ ಬೀಜ ಚೆಲ್ಲುವಾಗ ಹೋಗಿ ನೋಡು. ಮಣಿಕಟ್ಟು ಹೇಗೆ ತಿರುಗುತ್ತದೆ, ಬೆರಳು ಯಾವಾಗ ಬಿಚ್ಚುತ್ತವೆ ನೋಡು. ನೆಲ ನಮ್ಮದೇ ಇರಲಿ: ಗಾಡಿ ದಾರಿ, ಮಡ್ಡಿ ನೆಲ, ಜಾಲಿ ಮುಳ್ಳು, ಎರೆ ಮಣ್ಣು. ಮಕ್ಕಳಿಗೆ ಈ ನಾಲ್ಕೂ ಗೊತ್ತು. ಕೈ ಮಾತ್ರ ಸತ್ಯವೇದ (ಬೈಬಲ್) ಹೇಳಿದ ಹಾಗೆಯೇ ಇರಬೇಕು.

ಈ ದಾರಿಯಲ್ಲಿ ನಮಗಿಂತ ಮೊದಲು ನಡೆದವರಿದ್ದಾರೆ. ಗೋವಾದಲ್ಲಿ 1902ರಲ್ಲಿ ಹುಟ್ಟಿದ ಆಂಜೆಲೊ ಡ ಫೋನ್ಸೆಕಾ ಮರಿಯಮ್ಮನಿಗೆ ಸೀರೆ ಉಡಿಸಿ ಬಿಡಿಸಿದರು. ಅದಕ್ಕೆ ಬೈಸಿಕೊಂಡರೂ ಬಿಡಲಿಲ್ಲ, ಪುಣೆಯಲ್ಲಿ ಕೂತು ಕೆಲಸ ಮುಂದುವರಿಸಿದರು. ಅವರ ಚಿತ್ರ ಹುಡುಕಿ ನೋಡು. ನಿನ್ನ ಪಕ್ಕದಲ್ಲೇ ಸುರಪುರದ ಚಿಕಣಿ ಚಿತ್ರಗಳಿವೆ. ಸಣ್ಣ ಹಾಳೆಯಲ್ಲಿ ಎಷ್ಟು ಸಣ್ಣ ಗೆರೆಯಲ್ಲಿ ಕೆಲಸ ಆಗುತ್ತದೆ ಅಂತ ಅಲ್ಲಿ ಕಲಿಯಬಹುದು. ಕಲಬುರಗಿಗೆ ಬಂದರೆ ನಮ್ಮೂರಿನವರೇ ಆದ ಎಸ್.ಎಂ. ಪಂಡಿತ್ (1916–1993) ಅವರ ಮೂಲ ಚಿತ್ರಗಳನ್ನು ಬಿಡದೆ ನೋಡು. ಅವರು ಬಿಡಿಸಿದ್ದು ಪುರಾಣದ ಪಾತ್ರಗಳು, ವಿಷಯ ಬೇರೆ. ಆದರೆ ಮೈಮೇಲೆ ಬೆಳಕು ಎಲ್ಲಿಂದ ಬೀಳುತ್ತಿದೆ ಅನ್ನೋದನ್ನು ಅವರ ಹಾಗೆ ತೋರಿಸಿದವರು ಕಡಿಮೆ.

ಕಲಬುರಗಿಯಿಂದ, ಡಿಟಿಪಿ ಕೆಲಸದವರು

ಅಕ್ಷರದ ಬಗ್ಗೆ ಮಾತ್ರ ಹೇಳುತ್ತೇನೆ, ಅದು ನನ್ನ ದಿನದ ಕೆಲಸ.

ಒಮ್ಮೆ ನಮ್ಮ ಸಭೆಗೆ ಅಂತ ಒಂದು ಫ್ಲೆಕ್ಸ್ ಹೊರಗೆ ಕೊಟ್ಟಿದ್ದೆವು. ವಾಕ್ಯ "ಯೆಹೋವನು ನನಗೆ ಕುರುಬನು, ಕೊರತೆಪಡೆನು". ಅಲ್ಲಿ ಕೂತಿದ್ದ ಹುಡುಗನಿಗೆ "ಪಡೆನು" ತಪ್ಪು ಅನ್ನಿಸಿದೆ. ತಾನೇ ತಿದ್ದಿ "ಕೊರತೆಪಡುವೆನು" ಮಾಡಿದ. ಪಡೆನು ಅಂದರೆ ಪಡುವುದಿಲ್ಲ. ಪಡುವೆನು ಅಂದರೆ ಪಡುತ್ತೇನೆ. ಒಂದೇ ಅಕ್ಷರಕ್ಕೆ ದೇವರ ವಾಕ್ಯ ತಲೆಕೆಳಗಾಯಿತು! ಆರು ಅಡಿ ಬ್ಯಾನರ್ ಕಟ್ಟಿದ ಮೇಲೆ ಒಬ್ಬ ಅಜ್ಜಿ ಓದಿ ಗಾಬರಿಯಾಗಿ ಹೇಳಿದರು. ಅವತ್ತಿನಿಂದ ನಾನು ವಾಕ್ಯವನ್ನು ಪುಸ್ತಕ ಪಕ್ಕಕ್ಕಿಟ್ಟುಕೊಂಡು ಅಕ್ಷರ ಅಕ್ಷರ ಬೆರಳಿಟ್ಟು ನೋಡುತ್ತೇನೆ. ಆಮೇಲೆ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸುತ್ತೇನೆ.

ಕಂಪ್ಯೂಟರ್‌ನಲ್ಲಿ ಮಾಡುವುದಾದರೆ ಅಕ್ಷರಗಳ ನಡುವೆ ಜಾಗ ಜಾಸ್ತಿ ಮಾಡಬೇಡಿ. ಒತ್ತಕ್ಷರ ಕಿತ್ತು ಬೇರೆ ಕಡೆ ಹೋಗಿ ಕೂರುತ್ತದೆ. "ಕ್ರಿಸ್ತ" ಅನ್ನೋದೇ ಒಡೆದು ಹೋಗುತ್ತದೆ. ಹಳೆಯ ಫೋಟೋಶಾಪ್‌ನಲ್ಲಿ ಯೂನಿಕೋಡ್ ಸರಿಯಾಗಿ ಬರದಿದ್ದರೆ ಟೈಪ್ ಸೆಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಹಾಕಿಕೊಳ್ಳಿ. ಪ್ರಿಂಟ್‌ಗೆ ಕೊಡುವಾಗ ಅಕ್ಷರವನ್ನು ಕರ್ವ್ (ಬರೀ ಗೆರೆಯ ಆಕಾರ) ಮಾಡಿಯೇ ಕೊಡಿ. ಆಗ ಆ ಕಡೆಯವರು ಯಾವ ಫಾಂಟ್ ಹಾಕಿಕೊಂಡಿದ್ದರೂ ನಿಮ್ಮ ಅಕ್ಷರ ಅಲುಗಾಡುವುದಿಲ್ಲ, ಯಾರೂ ತಿದ್ದಲೂ ಆಗುವುದಿಲ್ಲ.

ಇನ್ನೊಂದು. ಪ್ರಿಂಟ್ ಮಾಡಿ ಮಾರುವ ಯೋಚನೆ ಇದ್ದರೆ ನೀವು ಬಳಸುವ ಅನುವಾದದ ಹಕ್ಕು ಯಾರದು ಅಂತ ಪುಸ್ತಕದ ಮೊದಲ ಪುಟದಲ್ಲಿ ನೋಡಿ. ಬೈಬಲ್ ಸೊಸೈಟಿಯವರ ಕಚೇರಿ ಬೆಂಗಳೂರಿನಲ್ಲೇ ಇದೆ, ಒಂದು ಪತ್ರ ಬರೆದು ಕೇಳಿಕೊಳ್ಳಿ.

ಬೀದರ್‌ನಿಂದ

ನಾನು ಕಲಾವಿದ ಅಲ್ಲ, ಆದರೆ ತಮ್ಮನ ಮದುವೆಗೆ ಬಿದ್ರಿಯಲ್ಲಿ ಒಂದು ತಟ್ಟೆ ಮಾಡಿಸಿದೆ. ಯೋಹಾನ 15, ದ್ರಾಕ್ಷಿ ಬಳ್ಳಿ. ಆ ಅನುಭವ ನಿಮಗೆ ಉಪಯೋಗ ಆಗಬಹುದು.

ನಾನು ಮೂರು ಸಾಲಿನ ವಾಕ್ಯ ಬರೆದುಕೊಂಡು ಹೋಗಿದ್ದೆ. ಕುಶಲಕರ್ಮಿ ಚಾಚಾ ಅದನ್ನು ನೋಡಿ, ಇಷ್ಟು ಅಕ್ಷರಕ್ಕೆ ಉಳಿಯಿಂದ ಗೆರೆ ಕೊರೆದು ಒಂದೊಂದರಲ್ಲೂ ಬೆಳ್ಳಿ ತಂತಿ ಕೂರಿಸಿದರೆ ಬಳ್ಳಿಗೆ ಜಾಗ ಎಲ್ಲಿ ಅಂದರು. ವಾಕ್ಯದ ಅರ್ಥ ಕೇಳಿದರು. ಬಳ್ಳಿಯಲ್ಲಿ ನೆಲೆಗೊಂಡ ಕೊಂಬೆ ಫಲ ಕೊಡುತ್ತದೆ, ನೆಲೆಗೊಳ್ಳದ್ದು ಒಣಗುತ್ತದೆ ಅಂತ ಹೇಳಿದೆ. ಸ್ವಲ್ಪ ಯೋಚಿಸಿ ಒಂದು ಉಪಾಯ ಮಾಡಿದರು. ಬಳ್ಳಿ, ಎಲೆ, ಗೊಂಚಲಿಗೆಲ್ಲ ಬೆಳ್ಳಿ ತುಂಬಿದರು. ಒಂದು ಕೊಂಬೆಯನ್ನು ಮಾತ್ರ ಕೊರೆದು ಬೆಳ್ಳಿ ಹಾಕದೆ ಹಾಗೇ ಬಿಟ್ಟರು.

ಬಿದ್ರಿ ಗೊತ್ತಿಲ್ಲದವರಿಗೆ ಹೇಳಬೇಕು. ಮೂಲ ಲೋಹ ಸತು, ಅದರಲ್ಲಿ ಸ್ವಲ್ಪ ತಾಮ್ರ. ಬೆಳ್ಳಿ ಕೂರಿಸಿದ ಮೇಲೆ ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ನೀರಲ್ಲಿ ಅದ್ದುತ್ತಾರೆ. ಲೋಹ ಗಾಢ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಕೊನೆಗೆ ಎಣ್ಣೆ ಹಚ್ಚಿ ಒರೆಸುತ್ತಾರೆ. ನಮ್ಮ ತಟ್ಟೆ ಹೊರಗೆ ಬಂದಾಗ ಬೆಳ್ಳಿ ಬಳ್ಳಿ ಮಿಂಚುತ್ತಿತ್ತು. ಆ ಖಾಲಿ ಕೊಂಬೆ ಕಪ್ಪಿನಲ್ಲಿ ಕಪ್ಪಾಗಿ ಹೋಗಿತ್ತು. ತಟ್ಟೆ ಓರೆ ಹಿಡಿದರೆ ಮಾತ್ರ ಕಾಣುತ್ತದೆ. ಅಂಚಿನಲ್ಲಿ "ಯೋಹಾನ 15:5" ಅಂತ ಅಷ್ಟೇ ಬರೆಸಿದೆ. ಮನೆಗೆ ಬಂದವರು ತಟ್ಟೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಈ ಕೊಂಬೆ ಯಾಕೆ ಹೀಗೆ ಅಂತ ಕೇಳುತ್ತಾರೆ. ಆಗ ತಮ್ಮ ಸತ್ಯವೇದ ತೆಗೆದು ಓದುತ್ತಾನೆ.

ಅದಕ್ಕೇ ಹೇಳಿದೆ, ಚಿತ್ರದಲ್ಲಿ ಪೂರ್ತಿ ವಾಕ್ಯ ತುಂಬಲೇಬೇಕು ಅಂತಿಲ್ಲ.

ಶಹಾಬಾದ್‌ನಿಂದ

ನಾವು ಸಮಾಧಿ ಕಲ್ಲಿಗೆ ಅಕ್ಷರ ಕೆತ್ತುವವರು. ನಮ್ಮ ಶಹಾಬಾದ್ ಫರಸಿ ಮೇಲೂ ಚಿತ್ರ ಚೆನ್ನಾಗಿ ಬರುತ್ತದೆ, ಪಾಲಿಶ್ ಆದ ತುಂಡು ಕಡಿಮೆ ಬೆಲೆಗೆ ಸಿಗುತ್ತದೆ. ಒಂದೇ ಎಚ್ಚರ, ಅದು ಸುಣ್ಣಕಲ್ಲು. ತೊಳೆಯಲು ಆಸಿಡ್ ಹಾಕಿದರೆ ನೊರೆ ಬಂದು ಮೈ ತಿಂದುಬಿಡುತ್ತದೆ. ಸಾಬೂನು ನೀರು ಸಾಕು. ಬಣ್ಣ ಹಚ್ಚುವುದಾದರೆ ಸ್ವಲ್ಪ ಮರಳು ಕಾಗದ ಉಜ್ಜಿ, ಪ್ರೈಮರ್ ಹಾಕಿ, ಆಮೇಲೆ ಅಕ್ರಿಲಿಕ್. ಅಕ್ಷರ ಕೆತ್ತುವುದಾದರೆ ದುಂಡಗೆ, ದಪ್ಪಗೆ ಇರಲಿ. ಸಣ್ಣ ಒತ್ತಕ್ಷರದ ಮೂಲೆ ಹಾರಿಹೋಗುತ್ತದೆ.

ಯಾದಗಿರಿಯಿಂದ, ಕೇಳಿದವರು

ಸರ್, ಅಣ್ಣಂದಿರೇ, ಓದಿ ಕಣ್ಣು ತುಂಬಿ ಬಂತು. ಇನ್ನೊಂದು ಕೇಳಲೇ? ನಮ್ಮ ಸಭೆಯಲ್ಲಿ ಕೆಲವರು ಯೇಸುವಿನ ಮುಖ ಬಿಡಿಸಬಾರದು ಅನ್ನುತ್ತಾರೆ. ಮಕ್ಕಳು ಮಾತ್ರ "ಯೇಸು ಎಲ್ಲಿ ಮಿಸ್" ಅಂತ ಕೇಳುತ್ತಾರೆ. ಏನು ಮಾಡಲಿ? ಮತ್ತೆ ಒಂದು ಚಿತ್ರವನ್ನು ನೇರ ಗೋಡೆ ಮೇಲೆಯೇ ಮಾಡು ಅಂತಿದ್ದಾರೆ. ಹೋದ ತಿಂಗಳಷ್ಟೇ ಗಿಲಾವ್ ಮಾಡಿದ ಗೋಡೆ.

ಬೀದರ್‌ನಿಂದ, ಸಂಡೇ ಸ್ಕೂಲ್ ಗೋಡೆ ಚಿತ್ರ ಮಾಡಿದ ಅಕ್ಕ

ತಂಗಿ, ಮೊದಲು ಪಾಸ್ಟರ್ ಹತ್ತಿರ, ಹಿರಿಯರ ಹತ್ತಿರ ಕೂತು ಮಾತಾಡು. ಹಾಳೆ ಮೇಲೆ ಕರಡು ಮಾಡಿ ತೋರಿಸು. ಬಣ್ಣ ಹಚ್ಚಿದ ಮೇಲೆ ಬೇಡ ಅಂದರೆ ಎಲ್ಲರಿಗೂ ಬೇಜಾರು. ವಿಗ್ರಹ ಮಾಡಬೇಡಿ ಅನ್ನೋ ಆಜ್ಞೆಯನ್ನು ಮುಖ ಬೇಡ ಅನ್ನುವವರು ಮನಸ್ಸಿನಿಂದ ಪಾಲಿಸುತ್ತಿದ್ದಾರೆ, ಅದನ್ನು ಗೌರವಿಸು. ಮುಖ ಇಲ್ಲದೆಯೂ ಯೇಸುವನ್ನು ತೋರಿಸಬಹುದು. ರೋಮ್‌ನ ನೆಲದಡಿಯ ಸಮಾಧಿಗಳಲ್ಲಿ ಮೊದಲ ಕಾಲದ ವಿಶ್ವಾಸಿಗಳು ಮೀನು, ಲಂಗರು, ಹೆಗಲ ಮೇಲೆ ಕುರಿ ಹೊತ್ತ ಕುರುಬನನ್ನು ಬಿಡಿಸಿದ್ದಾರೆ.

ನಾನು ಬಾವಿ ಹತ್ತಿರ ಯೇಸು ಮಾತಾಡಿಸಿದ ಸಮಾರ್ಯದ ಹೆಂಗಸಿನ ಕತೆ ಮಾಡಿದೆ, ಯೋಹಾನ 4. ಎಷ್ಟೋ ಸಲ ಓದಿದ್ದೆ, ಬಿಡಿಸಲು ಕೂತಾಗಲೇ ಒಂದು ಮಾತು ಕಂಡಿದ್ದು: ಅವಳು ತನ್ನ ಕೊಡ ಅಲ್ಲೇ ಬಿಟ್ಟು ಊರೊಳಗೆ ಹೋದಳು. ಉರಿ ಬಿಸಿಲಲ್ಲಿ ನೀರಿಗೆ ಅಂತಲೇ ಬಂದವಳು! ನಮ್ಮಲ್ಲಿ ನೀರು ಹೊತ್ತ ಯಾವ ಹೆಂಗಸಿಗೂ ಅದು ಎಷ್ಟು ದೊಡ್ಡದು ಅಂತ ಗೊತ್ತು. ಏಪ್ರಿಲ್‌ನಲ್ಲಿ ಯಾರು ಕೊಡ ಬಿಟ್ಟು ಹೋಗುತ್ತಾರೆ ಹೇಳು? ಹಾಗಾಗಿ ನನ್ನ ಗೋಡೆಯಲ್ಲಿ ನಡುವೆ ಇರುವುದು ಕೊಡ. ಬಾವಿ ಕಟ್ಟೆಯ ಆ ಕಡೆ ದಣಿದು ಕೂತ ಯೇಸುವಿನ ಕಾಲು ಮಾತ್ರ, ಧೂಳು ಮೆತ್ತಿದ್ದು. ದೂರದಲ್ಲಿ ಓಡುತ್ತಿರುವ ಅವಳ ಸೆರಗು. ಮಕ್ಕಳು ಬಂದು ಮೊದಲು ಆ ಕಾಲನ್ನೇ ಮುಟ್ಟುತ್ತಾರೆ. ಆ ಜಾಗದ ಬಣ್ಣ ಸವೆದು ಎರಡು ಸಲ ಮತ್ತೆ ಹಚ್ಚಿದ್ದೇನೆ.

ಒಂದು ವಿಷಯದಲ್ಲಿ ಸರ್ ಜೊತೆ ನನಗೆ ಸ್ವಲ್ಪ ಭಿನ್ನ ಅಭಿಪ್ರಾಯ ಇದೆ. ಬೀದರ್ ಪಕ್ಕದ ನೌಬಾದ್‌ನ ಸುರಂಗ ಬಾವಿ ಹಾಕು, ನಮ್ಮೂರು ಅಂತ ಗೊತ್ತಾಗಲಿ ಅಂತ ನನಗೂ ಕೆಲವರು ಹೇಳಿದರು. ನಾನು ಹಾಕಲಿಲ್ಲ. ಅದು ಯಾಕೋಬನ ಬಾವಿ, ಸಮಾರ್ಯದಲ್ಲೇ ಇರಲಿ. ಬಾವಿ ಆಳ ಇದೆ, ಸೇದಲು ನಿನ್ನ ಹತ್ತಿರ ಏನೂ ಇಲ್ಲ ಅಂತ ಅವಳೇ ಹೇಳುತ್ತಾಳೆ. ಅದಕ್ಕೆ ಆಳವಾದ ಬಾವಿ, ಹಗ್ಗ ಉಜ್ಜಿ ಗೀರು ಬಿದ್ದ ಕಲ್ಲು, ಮಣ್ಣಿನ ಕೊಡ ಮಾಡಿದೆ. ನಡಿಗೆ, ಬಿಸಿಲು, ದಣಿವು ಮಾತ್ರ ನಾನು ಇಲ್ಲಿ ನೋಡಿದ್ದು.

ಗೋಡೆ ವಿಷಯ. ಒಂದು ತಿಂಗಳ ಗಿಲಾವ್ ಮೇಲೆ ಈಗಲೇ ಹಚ್ಚಬೇಡ. ನಾನು ಅವಸರ ಮಾಡಿ ಹಚ್ಚಿದ್ದೆ. ಮಳೆಗಾಲಕ್ಕೆ ಬಿಳಿ ಉಪ್ಪು ಎದ್ದು ಆಕಾಶವೆಲ್ಲ ಸಿಪ್ಪೆ ಸಿಪ್ಪೆಯಾಗಿ ಉದುರಿತು. ಒಂದು ಮೊಳ ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸು. ಒಂದು ದಿನ ಬಿಟ್ಟು ತೆಗೆ. ಒಳಗಡೆ ನೀರು ಹನಿ ಕಟ್ಟಿದ್ದರೆ ಗೋಡೆ ಇನ್ನೂ ಒಣಗಿಲ್ಲ. ಒಣಗಿದ ಮೇಲೆ ಕ್ಷಾರ ತಡೆಯುವ ಪ್ರೈಮರ್ ಹಾಕು, ಆಮೇಲೆ ಅಕ್ರಿಲಿಕ್. ಪೋಸ್ಟರ್ ಕಲರ್ ಬೇಡ, ಒದ್ದೆ ಕೈ ತಗುಲಿದರೆ ಬಿಡುತ್ತದೆ. ನಮ್ಮ ಬಿಸಿಲಿಗೆ ಅಕ್ರಿಲಿಕ್ ತಟ್ಟೆಯಲ್ಲೇ ಒಣಗುತ್ತದೆ, ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಬಣ್ಣ ಇಟ್ಟುಕೋ. ಬೆಳಿಗ್ಗೆ ಹತ್ತರೊಳಗೆ ಕೆಲಸ ಮುಗಿಸು.

ಯಾದಗಿರಿಯಿಂದ, ಕೇಳಿದವರು

ಅಕ್ಕಾ, ಇವತ್ತೇ ಪ್ಲಾಸ್ಟಿಕ್ ಅಂಟಿಸಿ ಬಂದೆ. ನಾಳೆ ನೋಡಿ ಹೇಳುತ್ತೇನೆ. ಗೋಡೆ ಒಣಗುವವರೆಗೆ ಹಾಳೆ ಮೇಲೆ ಮೊದಲನೆಯದು ಶುರು ಮಾಡುತ್ತೇನೆ. ಲೂಕ 15, ಕಳೆದುಹೋದ ನಾಣ್ಯ. ಕತೆಯ ಹೆಂಗಸು ದೀಪ ಹಚ್ಚಿ ಮನೆ ಗುಡಿಸಿ ಹುಡುಕುತ್ತಾಳಲ್ಲ, ಆ ಕಸಬರಿಗೆ ಹಿಡಿದ ಕೈ. ಅಮ್ಮನಿಗೆ ಹೇಳಿ ಇವತ್ತು ಸಂಜೆ ಕರೆಂಟ್ ಹೋದಾಗ ದೀಪದ ಬೆಳಕಲ್ಲಿ ಗುಡಿಸಿಸಿದೆ. ಬೆಳಕು ಕೆಳಗಿನಿಂದ ಬಂದರೆ ಬೆರಳ ನೆರಳು ಎಷ್ಟು ಉದ್ದ ಬೀಳುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾಲ್ಕು ಸ್ಕೆಚ್ ಆಗಿವೆ.