31ನೇ ವಾರಕ್ಕೆ ಬಿಪಿ ಏರಿದೆ, ತವರಿಗೆ ಹೋಗಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಚೊಚ್ಚಲ ಬಸಿರು, 31 ವಾರ. ನಿನ್ನೆ ಕ್ಲಿನಿಕ್‌ನಲ್ಲಿ ಬಿಪಿ 146/94 ಬಂತು. ಲೋಕಲ್‌ನಲ್ಲಿ ನೂಕಾಡಿಕೊಂಡು ಬಂದು, ಮೆಟ್ಟಿಲು ಹತ್ತಿ ಹೋಗಿದ್ದೆ, ಅದಕ್ಕೇ ಇರಬಹುದು ಅಲ್ವಾ? ಪಾದ ಊದಿದೆ. ಬರುವ ವಾರ ಹುಬ್ಬಳ್ಳಿಗೆ ಟಿಕೆಟ್ ಆಗಿದೆ, ಸೀಮಂತವೂ ಅಲ್ಲೇ. ಅವ್ವ ಉಪ್ಪು ಪೂರ್ತಿ ಬಿಡು ಅನ್ನುತ್ತಾಳೆ.

ಡಾಕ್ಟರ್: ಟಿಕೆಟ್ ಮಾತು ಆಮೇಲೆ. ಮೆಟ್ಟಿಲು ಹತ್ತಿದ ಕೂಡಲೇ ಅಳೆದರೆ ಬಿಪಿ ಜಾಸ್ತಿ ಬರುತ್ತದೆ, ನಿಜ. ಹಾಗಂತ ಸುಮ್ನೆ ಕೂರಬೇಡಿ. ಇವತ್ತೇ ಮತ್ತೆ ನೋಡಿಸಿ. 5 ನಿಮಿಷ ಒರಗಿ ಕೂತು, ಪಾದ ನೆಲಕ್ಕೆ ಊರಿ, ತೋಳು ಎದೆಯ ಮಟ್ಟಕ್ಕೆ ಇಟ್ಟು. ಆಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಸುಸ್ತಿನ ನೆವ ಹೇಳುವಂತಿಲ್ಲ. 20 ವಾರದ ನಂತರ ಹೀಗೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಇಲ್ಲವೇ ಪ್ಲೇಟ್‌ಲೆಟ್, ಲಿವರ್, ಕಿಡ್ನಿ ಪರೀಕ್ಷೆಯಲ್ಲಿ ಏರುಪೇರು ಕಂಡರೆ ಅದು ಪ್ರಿಎಕ್ಲಾಂಪ್ಸಿಯಾ. ಸಾಮಾನ್ಯವಾಗಿ ಇದರ ಮೂಲ ಮಾಸಿನಲ್ಲಿ (ಪ್ಲಾಸೆಂಟಾ), ಅಲ್ಲಿಗೆ ರಕ್ತ ಒಯ್ಯುವ ನಾಳಗಳು ಬೇಕಾದಷ್ಟು ಹಿಗ್ಗಿರುವುದಿಲ್ಲ. ಉಪ್ಪು ಬಿಟ್ಟರೆ ಅದು ನಿಲ್ಲುತ್ತದಾ ಹೇಳಿ! ಉಪ್ಪಿನಕಾಯಿ, ಹಪ್ಪಳ ಕಮ್ಮಿ ಮಾಡಿ, ಸಾಕು. ಸಪ್ಪೆ ಊಟ ಸೇರದೆ ಅರೆಹೊಟ್ಟೆಯಲ್ಲಿ ಇರಬೇಡಿ.

ಪಾದದ ಊತ ಬಸುರಿಯರಲ್ಲಿ ಮಾಮೂಲಿ. ಆದರೆ ಮುಖ, ಕೈ ಒಮ್ಮೆಲೇ ಊದಿ ಬಳೆ ಬಿಗಿಯಾಗುವುದು, ಕಡಿಮೆಯಾಗದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚು ಹೊಡೆದಂತಾಗುವುದು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಮಗುವಿನ ಅಲುಗಾಟ ಕಮ್ಮಿಯಾಗುವುದು, ಬಿಪಿ 160/110 ಮುಟ್ಟುವುದು, ಇವುಗಳಲ್ಲಿ ಒಂದಿದ್ದರೂ ನಡುರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಇದೇ ರಾತ್ರಿ ರೈಲಿನಲ್ಲಿ, ಮೀರಜ್ ಆಸುಪಾಸು ಶುರುವಾದರೆ ಯಾರನ್ನು ಕೂಗುತ್ತೀರಿ? ರಿಪೋರ್ಟ್ ಬಂದು ನಿಮ್ಮ ಡಾಕ್ಟರ್ ಹೂಂ ಅನ್ನುವವರೆಗೆ ಪ್ರಯಾಣ ಬೇಡ.

ವಾಟ್ಸಾಪ್ ಗ್ರೂಪಿನ ಇನ್ನೊಬ್ಬ ಸದಸ್ಯೆ: ನನ್ನ ನಾದಿನಿಗೂ ಹೀಗೇ ಆಗಿದೆ ಡಾಕ್ಟ್ರೇ. ಮಾವನವರ ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್ ಮನೆಯಲ್ಲೇ ಇದೆ, ಅರ್ಧ ಮಾತ್ರೆ ಕೊಡಬಹುದಾ?

ಡಾಕ್ಟರ್: ಅಯ್ಯೋ, ಬೇಡವೇ ಬೇಡ! ಅದು ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಬಸಿರಿನಲ್ಲಿ ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಕೊಡುತ್ತೇವೆ. ಅದನ್ನೂ ಪರೀಕ್ಷೆ ಮಾಡಿಯೇ ಬರೆಯಬೇಕು, ವಾಟ್ಸಾಪ್‌ನಲ್ಲಲ್ಲ.

ಪ್ರಶ್ನೆ ಕೇಳಿದವರು: ಹೆರಿಗೆಯಾದರೆ ಸರಿ ಹೋಗುತ್ತಾ?

ಡಾಕ್ಟರ್: ಹೆಚ್ಚಿನವರಿಗೆ ಹೋಗುತ್ತದೆ, ಆದರೆ ಅವತ್ತೇ ಅಲ್ಲ. ಪ್ರಿಎಕ್ಲಾಂಪ್ಸಿಯಾ ಅಂತ ಆದರೆ, ಬಿಪಿ ಹಿಡಿತದಲ್ಲಿದ್ದರೂ 37 ವಾರಕ್ಕೆ ಹೆರಿಗೆ ಮಾಡಿಸುತ್ತೇವೆ. ಬಿಗಡಾಯಿಸಿದರೆ ಅದಕ್ಕೂ ಮೊದಲೇ. ಹೆರಿಗೆಯಾದ ಮೊದಲ ವಾರ ಬಿಪಿ ಮತ್ತೆ ಏರಬಹುದು, ಫಿಟ್ಸ್ ಕೂಡ ಬರಬಹುದು. ಬಾಣಂತಿಗೆ ತಲೆನೋವು ಅಂದರೆ ನಮ್ಮವರು ಗಾಳಿ ಸೇರಿದೆ ಅಂತ ಕಿವಿಗೆ ಹತ್ತಿ ಇಟ್ಟು ಸ್ಕಾರ್ಫ್ ಕಟ್ಟುತ್ತಾರೆ. ಕಟ್ಟಲಿ, ಆದರೆ ಮೊದಲು ಬಿಪಿ ನೋಡಿಸಲಿ.

ಪ್ರಶ್ನೆ ಕೇಳಿದವರು: ಈಗಷ್ಟೇ ನೋಡಿಸಿದೆ, 142/92. ರಕ್ತ, ಮೂತ್ರ ಕೊಟ್ಟು ಬಂದೆ. ಟಿಕೆಟ್ ಕ್ಯಾನ್ಸಲ್. ಅವ್ವನೇ ಇಲ್ಲಿಗೆ ಬರುತ್ತಾಳಂತೆ, ನಾಲ್ಕನೇ ಮಹಡಿಗೆ ಲಿಫ್ಟ್ ಇಲ್ಲ ಅಂತ ಈಗಲೇ ಗೊಣಗಾಟ ಶುರುವಾಗಿದೆ.