ಗಾಮೆ ದ್ರಾಕ್ಷಿಯ ಮೂರು ವೈನ್ ಬಂದಿವೆ, ಕಲಬುರಗಿಯ ಬಿಸಿಲಲ್ಲಿ ಹೇಗೆ ಕುಡಿಯುವುದು?

ಗುಲ್ಬರ್ಗದವಳು:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಮತ್ತು ಅವನ ಹೆಂಡತಿ ಫ್ರಾನ್ಸಿನ ಲಿಯಾನ್‌ನಿಂದ ರಜೆಗೆ ಬಂದಿದ್ದಾರೆ. ಬರುವಾಗ ಮೂರು ಬಾಟಲಿ ರೆಡ್ ವೈನ್ ತಂದರು. ಒಬ್ಬರು 2 ಲೀಟರ್ ತನಕ ಸುಂಕ ಇಲ್ಲದೆ ತರಬಹುದು, ಇಬ್ಬರಿದ್ದುದರಿಂದ ಸಲೀಸಾಯಿತು. ಮೂರೂ ಗಾಮೆ ದ್ರಾಕ್ಷಿಯವು, ಮೂರೂ ಬೋಜೊಲೆ ಸೀಮೆಯವು. ಒಂದು ಬೋಜೊಲೆ-ವಿಲಾಜ್, ಒಂದು ಫ್ಲೂರಿ, ಒಂದು ಮೋರ್ಗೊನ್. ಮೊದಲೆರಡು 2022ರವು, ಮೋರ್ಗೊನ್ 2019ರದ್ದು.

ನಮ್ಮ ಮನೆಯಲ್ಲಿ ವೈನ್ ಅಪರೂಪ. ಹಿಂದೆ ಒಮ್ಮೆ ನಾಸಿಕ್ ಕಡೆಯ ಶಿರಾಜ್ ತಂದಿದ್ದೆವು. ಅವತ್ತು ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಜೊತೆಗೆ ರಂಜಕ. ವೈನ್ ಗುಟುಕರಿಸಿದರೆ ಬಾಯೆಲ್ಲ ಒಗರು, ಖಾರ ಮಾತ್ರ ಇನ್ನೂ ಏರಿತು. ಯಾರೂ ಎರಡನೇ ಲೋಟ ತೊಗೊಳ್ಳಲಿಲ್ಲ. ಈ ಸಲ ಹಾಗಾಗಬಾರದು.

ರೆಡ್ ವೈನ್ ಫ್ರಿಜ್ಜಿನಲ್ಲಿ ಇಡಬಾರದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಈಗ ನಮ್ಮ ಪಡಸಾಲೆಯಲ್ಲೇ 38 ಡಿಗ್ರಿ ಇದೆ. ಏನು ಮಾಡಲಿ? ಮೊದಲು ಯಾವುದನ್ನು ತೆಗೆಯಲಿ? ನಮ್ಮ ಊಟಕ್ಕೆ ಹೊಂದುತ್ತವಾ?

ತೊಗರಿ ಕಣಜ:
ಅಕ್ಕಾ, ನಿಮ್ಮ ತಮ್ಮ ಬಹಳ ಚಂದ ಆರಿಸಿದ್ದಾರೆ. ಒಂದೇ ದ್ರಾಕ್ಷಿ, ಒಂದೇ ಸೀಮೆ, ಮಣ್ಣು ಮಾತ್ರ ಬೇರೆ ಬೇರೆ. ಹಬ್ಬಕ್ಕೊಂದು ಅಂತ ತೆಗೆಯಬೇಡಿ. ನಾಲ್ಕೈದು ಜನರನ್ನು ಕರೆದು ಮೂರನ್ನೂ ಒಂದೇ ಸಂಜೆ ತೆಗೆಯಿರಿ, ಒಬ್ಬೊಬ್ಬರ ಮುಂದೆ ಮೂರು ಲೋಟ ಇಡಿ. ಗಾಮೆಯನ್ನು ಒಂದೇ ಬಾಟಲಿಯಲ್ಲಿ ಕುಡಿದವರು 'ಹಗುರಾಗಿದೆ' ಅಂದು ಸುಮ್ಮನಾಗುತ್ತಾರೆ. ಪಕ್ಕದ ಊರಿನ ಗಾಮೆ ಅದರ ಜೊತೆಗೇ ಇದ್ದರೆ ಗೊತ್ತಾಗುತ್ತದೆ, ಇದರೊಳಗೆ ಎಷ್ಟು ಇದೆ ಅಂತ.

ನಾನು ಕೆಲಸದ ಮೇಲೆ ಕೆಲವು ವರ್ಷ ಲಿಯಾನ್‌ನಲ್ಲಿದ್ದೆ. ಬೋಜೊಲೆ ಗುಡ್ಡಗಳು ಆ ಊರಿನ ಉತ್ತರಕ್ಕೇ ಇವೆ. ಅಲ್ಲಿನ ಸಣ್ಣ ಊಟದ ಮನೆಗಳಲ್ಲಿ ಈ ವೈನನ್ನು ದಪ್ಪ ತಳದ, 46 ಸೆಂಟಿಲೀಟರ್ ಹಿಡಿಯುವ ಗಾಜಿನ ಬಾಟಲಿಯಲ್ಲಿ ತಂದಿಡುತ್ತಾರೆ. ಮುಟ್ಟಿದರೆ ತಣ್ಣಗಿರುತ್ತದೆ. ಹಾಗಾಗಿ ಫ್ರಿಜ್ಜಿಗೆ ಹೆದರಬೇಡಿ. ರೂಮ್ ಟೆಂಪರೇಚರ್ ಅನ್ನುವುದು ಚಳಿ ದೇಶದ ಕೋಣೆಯ ಲೆಕ್ಕ, ಅದು 16-18 ಡಿಗ್ರಿ. ಗಾಮೆ ಅದಕ್ಕಿಂತಲೂ ಸ್ವಲ್ಪ ತಂಪು ಬೇಡುತ್ತದೆ. 13-14 ಡಿಗ್ರಿ ಇದ್ದರೆ ಸರಿ. ಎರಡು ತಾಸು ಫ್ರಿಜ್ಜಿನಲ್ಲಿಟ್ಟು, ಆಮೇಲೆ ನೀರು ಮತ್ತು ನಾಲ್ಕು ತುಂಡು ಐಸ್ ಹಾಕಿದ ಬಕೆಟ್‌ನಲ್ಲಿ ನಿಲ್ಲಿಸಿ. ಲೋಟಕ್ಕೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿ. ನಮ್ಮ ಬಿಸಿಲಿಗೆ ಲೋಟದಲ್ಲಿದ್ದದ್ದು ಬೇಗ ಬೆಚ್ಚಗಾಗುತ್ತದೆ, ಬೆಚ್ಚಗಾದರೆ ಮೂಗಿಗೆ ಬರೀ ಆಲ್ಕೋಹಾಲ್ ಬಡಿಯುತ್ತದೆ.

ನಿಮ್ಮ ಶಿರಾಜ್ ಯಾಕೆ ಹಾಗಾಯಿತು ಅಂದರೆ ಅದರಲ್ಲಿ ಒಗರು ಜಾಸ್ತಿ, ಆಲ್ಕೋಹಾಲೂ ಜಾಸ್ತಿ. ಎರಡೂ ಮೆಣಸಿನಕಾಯಿಯ ಉರಿಯನ್ನು ಎಬ್ಬಿಸುತ್ತವೆ. ಗಾಮೆಯಲ್ಲಿ ಒಗರು ಕಡಿಮೆ, ಹುಳಿ ಚುರುಕು. ಬೋಜೊಲೆಯಲ್ಲಿ ವೈನ್ ಮಾಡುವ ಪದ್ಧತಿಯೂ ಇದಕ್ಕೆ ಕಾರಣ. ಕೈಯಿಂದ ಕಿತ್ತ ಗೊಂಚಲುಗಳನ್ನು ಹಿಂಡದೆ ಇಡಿಯಾಗಿ ತೊಟ್ಟಿಗೆ ತುಂಬುತ್ತಾರೆ. ಅಡಿಯ ಹಣ್ಣು ಭಾರಕ್ಕೆ ಒಡೆದು ಹುದುಗಲು ಶುರುವಾಗುತ್ತದೆ, ಅದರ ಕಾರ್ಬನ್ ಡೈ ಆಕ್ಸೈಡ್ ತೊಟ್ಟಿ ತುಂಬಿಕೊಳ್ಳುತ್ತದೆ. ಗಾಳಿ ಸಿಗದ ಮೇಲಿನ ಹಣ್ಣುಗಳು ಸಿಪ್ಪೆ ಒಡೆಯದೆ ಒಳಗೊಳಗೇ ಹುದುಗುತ್ತವೆ. ಬಣ್ಣ ಮತ್ತು ಹಣ್ಣಿನ ವಾಸನೆ ಧಾರಾಳವಾಗಿ ಬರುತ್ತವೆ, ಸಿಪ್ಪೆ ಬೀಜದ ಒಗರು ಅಷ್ಟಾಗಿ ಇಳಿಯುವುದಿಲ್ಲ.

ವಿಲಾಜ್‌ನಿಂದ ಶುರು ಮಾಡಿ. 38 ಊರುಗಳಿಗೆ ಆ ಹೆಸರು ಹಾಕಲು ಅನುಮತಿ ಇದೆ, ನೇರವಾದ, ಬಾಯಾರಿಕೆ ತಣಿಸುವ ವೈನ್. ಆಮೇಲೆ ಫ್ಲೂರಿ. ಕೊನೆಗೆ ಮೋರ್ಗೊನ್. ಈ ಎರಡು, ಬೋಜೊಲೆಯ ಹೆಸರಾಂತ ಹತ್ತು ನೆಲೆಗಳಲ್ಲಿ ಸೇರಿವೆ. ಆ ಹತ್ತರ ಬಾಟಲಿಗಳ ಮೇಲೆ ಸಾಮಾನ್ಯವಾಗಿ ನೆಲೆಯ ಹೆಸರೇ ದೊಡ್ಡದಾಗಿರುತ್ತದೆ, ಬೋಜೊಲೆ ಅನ್ನುವ ಮಾತು ಎಷ್ಟೋ ಸಲ ಇರುವುದೇ ಇಲ್ಲ. ಫ್ಲೂರಿಯದು ನಸುಗೆಂಪು ಗ್ರಾನೈಟ್ ನೆಲ, ವೈನ್ ನಯ, ಮೂಗಿಗೆ ಹೂವು ಮೊದಲು ಬರುತ್ತದೆ. ಮೋರ್ಗೊನ್‌ಗೆ ಮೈಕಟ್ಟು ಇದೆ. ಅಲ್ಲಿ ಕೋತ್ ದ್ಯು ಪಿ ಅಂತ ಒಂದು ಗುಡ್ಡ, ಹಳೆ ಜ್ವಾಲಾಮುಖಿ ಕಲ್ಲು ಪುಡಿಯಾಗಿ ಆದ ನೆಲ. ಅಲ್ಲಿಯ ವೈನಿನಲ್ಲಿ ಚೆರ್ರಿ ಹಣ್ಣಿನ ಹಿಂದೆ ಮಣ್ಣಿನ ವಾಸನೆ ಸಿಗುತ್ತದೆ. ನನಗೆ ಅದೇ ಎಲ್ಲಕ್ಕಿಂತ ಇಷ್ಟ.

ಊಟಕ್ಕೆ ಪುಂಡಿ ಪಲ್ಯ ಖಂಡಿತ ಮಾಡಿ. ಹುಳಿ ಅಡುಗೆಯ ಮುಂದೆ ಹುಳಿ ಕಡಿಮೆ ಇರುವ ವೈನ್ ಸಪ್ಪೆ ಎನಿಸುತ್ತದೆ, ಗಾಮೆ ಎದ್ದು ನಿಲ್ಲುತ್ತದೆ. ರಂಜಕ ಮಾತ್ರ ಅವತ್ತು ಬೇಡ ಅಕ್ಕಾ.

ಬೀದರ್ ಕೋಟೆ:
ಮೇಲಿನವರ ಮಾತು ಬಹುತೇಕ ಒಪ್ಪಿದೆ. ಆದರೆ ಮೋರ್ಗೊನ್ ಈಗಲೇ ಯಾಕೆ? ಒಳ್ಳೆಯ ಮೋರ್ಗೊನ್, ಆ ಹತ್ತು ನೆಲೆಗಳಲ್ಲೇ ಇನ್ನೊಂದಾದ ಮೂಲಾನ್-ಆ-ವಾನ್ ಹತ್ತು ವರ್ಷ ಆರಾಮಾಗಿ ತಾಳುತ್ತವೆ. ಹಳೆಯದಾದಂತೆ ಪಿನೋ ನ್ವಾರ್ ಎನ್ನುವ ಕರಿ ದ್ರಾಕ್ಷಿಯ ವೈನ್ ಕಡೆ ವಾಲುತ್ತವೆ. ಗಾಮೆಗೆ ಜನ್ಮ ಕೊಟ್ಟ ಎರಡು ತಳಿಗಳಲ್ಲಿ ಪಿನೋ ಒಂದು, ಇನ್ನೊಂದು ಗೂಯೆ ಬ್ಲಾಂ ಎನ್ನುವ ಬಿಳಿ ದ್ರಾಕ್ಷಿ. ಇನ್ನೂ ಮೂರು ವರ್ಷ ಇಟ್ಟರೆ ಆ ರಕ್ತ ಸಂಬಂಧ ರುಚಿಯಲ್ಲೇ ಕಾಣುತ್ತದೆ.

ಇನ್ನೊಂದು. ನಮ್ಮ ಕಡೆ ಮನೆಗೆ ನೆಂಟರು ಬಂದರೆ ಬಿದರಿ ಸುರಾಹಿ, ಬಟ್ಟಲು ಹೊರಗೆ ತೆಗೆಯುವ ಆಸೆ ಆಗುತ್ತದೆ. ವೈನ್ ಅದಕ್ಕೆ ಹಾಕಬೇಡಿ. ಬಿದರಿ ಲೋಹದಲ್ಲಿ ಹೆಚ್ಚಿನ ಪಾಲು ಸತು, ಉಳಿದದ್ದು ತಾಮ್ರ. ವೈನಿನ ಹುಳಿ ಸತುವನ್ನು ಕರಗಿಸುತ್ತದೆ. ಬಿದರಿ ಮೇಜಿನ ಮೇಲೆ ಅಂದಕ್ಕಿರಲಿ, ವೈನ್ ಗಾಜಿನಲ್ಲೇ ಇರಲಿ.

ತೊಗರಿ ಕಣಜ:
ಕೋಟೆ ಸರ್, ಲಿಯಾನ್‌ನಲ್ಲಿ ನೆಲಮಾಳಿಗೆ ಇದ್ದರೆ ನಾನೂ ಇಡಿ ಅಂತಲೇ ಹೇಳುತ್ತಿದ್ದೆ. ಇಲ್ಲಿ ಮೇ ತಿಂಗಳಲ್ಲಿ 43 ಡಿಗ್ರಿ ದಾಟುತ್ತದೆ, ಕರೆಂಟ್ ಹೋಗಿ ಬರುತ್ತದೆ. ಅಟ್ಟದ ಮೇಲಿಟ್ಟ ಬಾಟಲಿಗೆ ಒಂದು ಬೇಸಿಗೆ ಸಾಕು, ಹಣ್ಣಿನ ವಾಸನೆ ಹೋಗಿ ಬೇಯಿಸಿದ ರಸದಂತೆ ಆಗುತ್ತದೆ. 2019ರದ್ದು ಈಗ ಕುಡಿಯಲು ಹದವಾಗಿದೆ. ಕುಡಿಯಲಿ ಬಿಡಿ.

ಶಹಾಪುರದ ಗುಡ್ಡ:
ಅಣ್ಣಾ, ಗ್ರಾನೈಟ್ ನೆಲ ಅಂದಿರಲ್ಲ, ನಮ್ಮ ಶಹಾಪುರ, ಯಾದಗಿರಿ ಗುಡ್ಡಗಳೂ ಗ್ರಾನೈಟ್ ಅಲ್ವಾ? ಇಲ್ಲಿ ಗಾಮೆ ಬೆಳೆದರೆ ಹೇಗೆ? ನಮ್ಮ ಮಾವನವರು ವಿಜಯಪುರ ಕಡೆ ದ್ರಾಕ್ಷಿ ತೋಟ ಮಾಡಿದವರು, ಅದಕ್ಕೆ ಕೇಳಿದೆ.

ತೊಗರಿ ಕಣಜ:
ಒಳ್ಳೆಯ ಪ್ರಶ್ನೆ ತಮ್ಮಾ. ಕಲ್ಲು ಸರಿ ಇದೆ. ಸುಣ್ಣಕಲ್ಲಿನ ನೆಲದಲ್ಲಿ, ಅಂದರೆ ನಮ್ಮ ಶಹಾಬಾದ್ ಕಲ್ಲಿನ ಜಾತಿಯ ನೆಲದಲ್ಲಿ, ಬೋಜೊಲೆಯ ಉತ್ತರಕ್ಕಿರುವ ಬರ್ಗಂಡಿ ಸೀಮೆಯವರು ಪಿನೋ ಬೆಳೆದರು. 1395ರಲ್ಲಿ ಅಲ್ಲಿನ ಡ್ಯೂಕ್, ಫಿಲಿಪ್, ಗಾಮೆಯನ್ನು ಕಿತ್ತುಹಾಕಿ ಅಂತ ಅಪ್ಪಣೆ ಹೊರಡಿಸಿದ. ಇಳುವರಿ ಸಿಕ್ಕಾಪಟ್ಟೆ ಕೊಡುತ್ತದೆ, ರುಚಿ ಕೊಡುವುದಿಲ್ಲ ಅನ್ನುವುದು ದೂರು. ಆ ಬಳ್ಳಿ ದಕ್ಷಿಣಕ್ಕಿರುವ ಬೋಜೊಲೆಯ ಬಡ ಗ್ರಾನೈಟ್ ನೆಲದಲ್ಲಿ ಹಿಡಿತಕ್ಕೆ ಬಂತು, ಅಲ್ಲಿ ರುಚಿಯೂ ಬಂತು. ಅವನ ಅಪ್ಪಣೆಯಲ್ಲಿ ಅನ್ಯಾಯ ಇತ್ತು ಅಂತಲೇ ನನ್ನ ಅನಿಸಿಕೆ.

ಆದರೆ ಕಲ್ಲೊಂದೇ ಸಾಲದು. ಗಾಮೆ ಬೇಗ ಚಿಗುರಿ ಬೇಗ ಹಣ್ಣಾಗುವ ಬಳ್ಳಿ, ಅದಕ್ಕೆ ಚಳಿಗಾಲದ ನಿದ್ದೆ ಬೇಕು. ನಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲ. ನಿಮ್ಮ ಮಾವನವರಿಗೆ ಗೊತ್ತಿರುತ್ತದೆ, ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಅಕ್ಟೋಬರ್‌ನಲ್ಲಿ ಇನ್ನೊಂದು. ಈ ಬಿಸಿಲಿಗೆ ಸಕ್ಕರೆ ದಡದಡ ಏರಿ ಹುಳಿ ಬಿದ್ದುಹೋಗುತ್ತದೆ. ಹುಳಿ ಹೋದ ಗಾಮೆಯಲ್ಲಿ ಏನೂ ಉಳಿಯುವುದಿಲ್ಲ.

ಗುಲ್ಬರ್ಗದವಳು:
ನಿನ್ನೆ ಭಾನುವಾರ ಮೂರನ್ನೂ ತೆಗೆದೆವು. ಬಕೆಟ್, ಐಸ್ ಎಲ್ಲ ನೀವು ಹೇಳಿದ ಹಾಗೇ. ವಿಲಾಜ್ ಎಲ್ಲಕ್ಕಿಂತ ಮೊದಲು ಖಾಲಿ ಆಯಿತು, ಸೌತೆಕಾಯಿ, ಶೇಂಗಾ ಹಿಂಡಿ, ಖಡಕ್ ರೊಟ್ಟಿ ಜೊತೆಗೇ. ಪುಂಡಿ ಪಲ್ಯಕ್ಕೆ ಫ್ಲೂರಿ ಇಷ್ಟು ಹೊಂದುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಪಲ್ಯದ ಹುಳಿ ಆದಮೇಲೆ ವೈನ್ ಸಿಹಿ ಎನಿಸಿತು, ಗುಲಾಬಿ ವಾಸನೆ ಇನ್ನೂ ಎದ್ದು ಬಂತು. ನನ್ನ ಮೊದಲ ಆಯ್ಕೆ ಅದೇ. ನಮ್ಮ ಮನೆಯವರು ಮಟನ್ ತಹರಿ ಜೊತೆ ಮೋರ್ಗೊನ್ ಹಿಡಿದು ಕೂತವರು ಬಿಡಲೇ ಇಲ್ಲ. ತಣ್ಣಗಿದ್ದಾಗ ಅದು ಸ್ವಲ್ಪ ಬಿಗಿಯಾಗಿತ್ತು. ಲೋಟದಲ್ಲಿ ಹತ್ತು ನಿಮಿಷ ಇದ್ದ ಮೇಲೆ ಚೆರ್ರಿ, ಆಮೇಲೆ ಆ ಮಣ್ಣಿನ ವಾಸನೆ. ಅವರಿಗೂ ಸಿಕ್ಕಿತು, ನನಗೂ ಸಿಕ್ಕಿತು. ಖಾರ ಯಾರಿಗೂ ತೊಂದರೆ ಕೊಡಲಿಲ್ಲ.

ತಮ್ಮನಿಗೆ ಮುಂದಿನ ಸಲ ಮೂಲಾನ್-ಆ-ವಾನ್ ತರಲು ಹೇಳಿದ್ದೇನೆ. ಅದರ ಪಕ್ಕಕ್ಕೆ ಯಾವುದು ಇರಲಿ ಅಣ್ಣಾ?

ತೊಗರಿ ಕಣಜ:
ಶಿರೂಬ್ಲ್ ತರಿಸಿ ಅಕ್ಕಾ. ಹತ್ತು ನೆಲೆಗಳಲ್ಲಿ ಎತ್ತರದಲ್ಲಿರುವ ತೋಟಗಳು ಅವು, ಎಲ್ಲಕ್ಕಿಂತ ಹಗುರ. ಮೂಲಾನ್-ಆ-ವಾನ್ ಎಲ್ಲಕ್ಕಿಂತ ಗಟ್ಟಿ. ಎರಡನ್ನೂ ಒಂದೇ ವರ್ಷದ್ದು ಹುಡುಕಲು ಹೇಳಿ, ಬೇಸಿಗೆಯಲ್ಲಿ ಬೇಡ, ಡಿಸೆಂಬರ್‌ನಲ್ಲಿ ತರಲಿ.